ಫೋಟೋ ಇದೆ, ಹೊಲ ಯಾರದು?

ತುಂಗಭದ್ರಾ ಕಾಲುವೆ ನೀರುಣ್ಣುವ ಸಿರಿಗೇರಿ ಸೀಮೆಯಲ್ಲಿ, ನಾಟಿಯಾದ ತಿಂಗಳಿಗೆ ಒಂದು ಭತ್ತದ ಗದ್ದೆಗೂ ಪಕ್ಕದ್ದಕ್ಕೂ ಫೋಟೋದಲ್ಲಿ ಫರಕೇ ಕಾಣುವುದಿಲ್ಲ. ಆದರೂ ರಾಜ್ಯದ ಬೆಳೆ ಸಮೀಕ್ಷೆ ನಿಂತಿರುವುದು ಇಂಥ ಫೋಟೋಗಳ ಮೇಲೆ. ರೈತರೇ ಹೊಲದಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದು ಕಳಿಸುವ ಆ್ಯಪ್ 2020ರ ಮುಂಗಾರಿನಲ್ಲಿ ಬಂತು. ಪ್ರತಿ ಚಿತ್ರದ ಬೆನ್ನಿಗೆ ಒಂದು ಸಾಲು ವಿವರ: ಗ್ರಾಮ, ಸರ್ವೆ ನಂಬರ್, ಹಿಸ್ಸಾ, ಬೆಳೆ, ವಿಸ್ತೀರ್ಣ, ಜಿಪಿಎಸ್. ಬೆಂಬಲ ಬೆಲೆ, ವಿಮೆ, ಬೆಳೆಹಾನಿ ಪರಿಹಾರದ ಲೆಕ್ಕಕ್ಕೆ ಹೋಗುವುದು ಈ ಮೆಟಾಡೇಟಾ.

ಚಿತ್ರವೇ ಸಾಕ್ಷಿಯಲ್ಲವೇ? ಕೆಲವೊಮ್ಮೆ ಹೌದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದಿದ್ದ. 1983ರಲ್ಲಿ ಜಾನ್ ಗೊಲಿಂಗ್ಸ್ ಅವೇ ಜಾಗಗಳನ್ನು ಹುಡುಕಿ ಮತ್ತೆ ಚಿತ್ರ ತೆಗೆದರು. ಗುಡಿ, ಬಂಡೆಗಳು ಅಲ್ಲೇ ಇದ್ದವು. ಕೊಯ್ಲಾದ ಗದ್ದೆ ಆ ಉಪಕಾರ ಮಾಡದು.

ಲೋಕದ ಭಾರಿ ಚಿತ್ರಸಂಗ್ರಹಗಳ ಕಥೆಯೂ ಇದೇ. ಕೃತಕ ಬುದ್ಧಿಮತ್ತೆಗೆ ಕಲಿಸಲೆಂದು 2022ರಲ್ಲಿ ಬಂದ ಲಯಾನ್-5ಬಿ ಸುಮಾರು 585 ಕೋಟಿ ಚಿತ್ರಗಳದ್ದು ಎನ್ನುತ್ತಾರೆ. ಅದರ ಕಡತಗಳಲ್ಲಿ ಚಿತ್ರಗಳೇ ಇಲ್ಲ! ಇರುವುದು ಚಿತ್ರದ ಕೊಂಡಿ, ಜೊತೆಗಿನ ಬರಹ, ಒಂದಿಷ್ಟು ಅಂಕಿ. ಬರಹ ಸುಳ್ಳಾದರೆ ಯಂತ್ರ ಕಲಿಯುವುದೂ ಸುಳ್ಳೇ.

ಹೊಲದ ಫೋಟೋ ಬೆನ್ನಿಗಿರುವ ಸಾಲು ಕೆಡುವುದಕ್ಕೆ ಯಾರೂ ವಂಚಕರಾಗಬೇಕಿಲ್ಲ. ಸರ್ವೆ ನಂಬರ್ 12, ಹಿಸ್ಸಾ 3 ಎಂಬುದನ್ನು 12/3 ಎಂದು ಬರೆದ ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ತೆರೆಯಿರಿ. ನಮ್ಮ ದಿನಾಂಕದ ಕ್ರಮವಿದ್ದರೆ ಹೊಲ ಮಾರ್ಚ್ 12 ಆಗಿ ಕೂತಿರುತ್ತದೆ. ಹಾಗೆಯೇ ಸೇವ್ ಮಾಡಿದರೆ ಮುಗಿಯಿತು. ಇದೇ ಕಾಟಕ್ಕೆ ವಿಜ್ಞಾನಿಗಳು ಮನುಷ್ಯನ ಕೆಲವು ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು. ಸರ್ವೆ ನಂಬರಿನ ಕಾಲಮ್ಮನ್ನು ಮೊದಲೇ ಪಠ್ಯವೆಂದು ಗುರುತಿಸಿದರೆ ತೊಂದರೆಯಿಲ್ಲ. ಆದರೆ ಅವಸರದಲ್ಲಿ ಅಷ್ಟು ತಾಳ್ಮೆ ಯಾರಿಗಿದೆ?

ಕೃತಕ ಬುದ್ಧಿಮತ್ತೆ ಬೆಳೆಯನ್ನು ಗುರುತಿಸುತ್ತದೆ, ಇಷ್ಟೆಲ್ಲ ವಿವರ ಯಾಕೆ ಎನ್ನುವವರಿದ್ದಾರೆ. ಭತ್ತವೋ ಮೆಣಸಿನಕಾಯಿಯೋ ಎಂದು ಅದು ಹೇಳೀತು. ಬದುವಿನ ಮೇಲೆ ನಿಂತು ತೆಗೆದ ಚಿತ್ರ ಅಣ್ಣನ ಹಿಸ್ಸಾದ್ದೋ ತಮ್ಮನದ್ದೋ ಎಂದು ಹೇಳಲಾರದು. ಬದುವಿನಲ್ಲಿ ನಾಲ್ಕು ಹೆಜ್ಜೆ ಈಚೆಗೆ ನಿಂತರೆ ಮೊಬೈಲಿನ ಜಿಪಿಎಸ್ಸೂ ತಬ್ಬಿಬ್ಬಾಗುತ್ತದೆ. ಆದ್ದರಿಂದ ತಿದ್ದುವ ಹಕ್ಕು ಉಳುವವನ ಕೈಯಲ್ಲೇ ಇರಬೇಕು. ಅದಕ್ಕೆಂದೇ ‘ಬೆಳೆ ದರ್ಶಕ’ ಆ್ಯಪ್ ಇದೆ: ದಾಖಲಾದ ಬೆಳೆ, ಫೋಟೋ ಎರಡನ್ನೂ ನೋಡಬಹುದು, ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸಬಹುದು. ಗಡುವು ಮುಗಿಯುವ ಮುಂಚೆ ನಿಮ್ಮ ಸರ್ವೆ ನಂಬರ್ ಹಾಕಿ ಒಮ್ಮೆ ನೋಡಿಬಿಡಿ.