ಬಂಗಾರ, ಭಂಗಾರ್ ಮತ್ತು ಒಂದು ಡ್ರೈವರ್

ಮುಂಬಯಿಯ ಮುಲುಂಡಿನ ಸೊಸೈಟಿ ಗೇಟಿನಲ್ಲಿ ‘ಭಂಗಾರ್’ ಎಂಬ ಕೂಗು ಕೇಳಿ, ಊರಿಂದ ಹೊಸದಾಗಿ ಬಂದ ಕನ್ನಡಿಗರು ಕಿವಿ ನಿಮಿರಿಸುವುದುಂಟು. ಅದು ಗುಜರಿ. ನಮ್ಮ ಬಂಗಾರಕ್ಕೂ ಇಲ್ಲಿನ ಭಂಗಾರ್‌ಗೂ ಒಂದು ಮಹಾಪ್ರಾಣದಷ್ಟೇ ಅಂತರ. ಹಳೆಯ ಗ್ರಾಫಿಕ್ಸ್ ಕಾರ್ಡ್ ಇವೆರಡರಲ್ಲಿ ಯಾವುದೆಂದು ಈಗ ತೀರ್ಮಾನಿಸುತ್ತಿರುವುದು ಡ್ರೈವರ್ ಎಂಬ ತಂತ್ರಾಂಶ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಹಳೆಯ ಎಷ್ಟೋ ಕಂಪ್ಯೂಟರ್‌ಗಳಲ್ಲಿಲ್ಲ. ಉಳಿದ ದಾರಿ ಲಿನಕ್ಸ್. ಪೆನ್‌ಡ್ರೈವ್ ಚುಚ್ಚಿ ಬೂಟ್ ಮಾಡಿದರೆ ಕೆಲವೊಮ್ಮೆ ಲೋಗೊ ಮೂಡಿ, ಮರುಕ್ಷಣ ಪರದೆ ಕಪ್ಪು. ಫ್ಯಾನ್ ಮಾತ್ರ ತಿರುಗುತ್ತಿರುತ್ತದೆ. ತಿಳಿದವರು ಬೂಟ್ ಮೆನುವಿನಲ್ಲಿ ‘ಇ’ ಒತ್ತಿ, ಲಿನಕ್ಸ್ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಸೇರಿಸಿ, ಎಫ್10 ಒತ್ತುತ್ತಾರೆ. ಚಿತ್ರ ಬರುತ್ತದೆ; ಆದರೆ ಕಾರ್ಡಿನ ಹೊರೆಯೆಲ್ಲ ಸಿಪಿಯು ಹೆಗಲಿಗೆ, ವಿಡಿಯೊ ತೊದಲುತ್ತದೆ. ತಿಳಿಯದವರು ‘ಕಾರ್ಡ್ ಹೋಯ್ತು’ ಎಂದು ಭಂಗಾರ್‌ವಾಲಾನನ್ನು ಕರೆಯುತ್ತಾರೆ.

ಕಾರ್ಡ್ ಹೋಗಿರುವುದಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್ ಬದಲಾದಂತೆ ಡ್ರೈವರನ್ನೂ ಅದಕ್ಕೆ ಹೊಂದಿಸುತ್ತಿರಬೇಕು. ಡ್ರೈವರ್ ಮುಕ್ತವಾಗಿದ್ದರೆ ಬಲ್ಲವರು ಯಾರಾದರೂ ಆ ಕೆಲಸ ಮಾಡಬಹುದು. ಮುಚ್ಚಿದ್ದರೆ ಕಂಪನಿಯೇ ಮಾಡಬೇಕು.

ಎಎಂಡಿ 2007ರಲ್ಲಿ ತನ್ನ ಚಿಪ್‌ಗಳ ತಾಂತ್ರಿಕ ವಿವರ ಬಿಡುಗಡೆ ಮಾಡತೊಡಗಿತು. 2012ರಲ್ಲಿ ಅಂಗಡಿಗೆ ಬಂದ ಅದರ ರೇಡಿಯಾನ್ ಎಚ್‌ಡಿ 7000 ಸರಣಿಯ ಪ್ರಮುಖ ಕಾರ್ಡ್‌ಗಳಿಗೆ ವಿಂಡೋಸ್‌ನಲ್ಲಿ ಕಂಪನಿಯೇ 2021ರಲ್ಲಿ ಬೆಂಬಲ ನಿಲ್ಲಿಸಿತು. ಲಿನಕ್ಸಿನಲ್ಲಾದರೋ ಅವೇ ಕಾರ್ಡ್‌ಗಳು ಕರ್ನಲ್ 6.19ರಲ್ಲಿ ಹೊಸ ಡ್ರೈವರಿಗೆ ಬಡ್ತಿ ಪಡೆದವು. ಆ ಕೆಲಸ ಮಾಡಿದ್ದು ಗೇಮ್ ಕಂಪನಿ ವಾಲ್ವ್‌ನ ಎಂಜಿನಿಯರ್.

ಎನ್‌ವಿಡಿಯಾದ ಕಥೆ ಬೇರೆ. ಅದರ ಚಿಪ್‌ಗಳ ಒಳಗುಟ್ಟನ್ನು ಹೊರಗಿನಿಂದಲೇ ಅರಿತು ಸ್ವಯಂಸೇವಕರು ಕಟ್ಟಿದ ‘ನೂವೋ’ ಡ್ರೈವರ್ 2010ರಲ್ಲಿ ಕರ್ನಲ್ ಸೇರಿತು. 2014ರ ಜಿಟಿಎಕ್ಸ್ 900 ಸರಣಿಯಿಂದ ಚಿಪ್‌ನ ವೇಗ ಏರಿಸಲು ಕಂಪನಿ ಡಿಜಿಟಲ್ ಸಹಿ ಮಾಡಿದ ಫರ್ಮ್‌ವೇರ್, ಅಂದರೆ ಚಿಪ್‌ನೊಳಗೆ ಓಡುವ ತಂತ್ರಾಂಶ, ಬೇಕೇಬೇಕಾಯಿತು. 900 ಮತ್ತು 1000 ಸರಣಿಗಳಿಗೆ ಅದು ನೂವೋ ಕೈಗೆ ಸಿಗಲೇ ಇಲ್ಲ. ಹಾಗಾಗಿ ನೂವೋದಲ್ಲಿ ಜಿಟಿಎಕ್ಸ್ 1050 ಟಿಐ ಕಾರ್ಡ್ ಕೊನೆತನಕ ಒಂದನೇ ಗೇರಿನಲ್ಲೇ ಓಡಬೇಕು. 2022ರಲ್ಲಿ ಕಂಪನಿ ತೆರೆದಿಟ್ಟ ಕರ್ನಲ್ ಡ್ರೈವರ್ 1000 ಸರಣಿಯ ಬಳಿಕ ಬಂದ ‘ಟ್ಯೂರಿಂಗ್’ ಪೀಳಿಗೆ ಮತ್ತು ಅದರ ನಂತರದ ಕಾರ್ಡ್‌ಗಳಿಗಷ್ಟೆ. 900 ಮತ್ತು 1000 ಸರಣಿಗಳಿಗೆ ಕಂಪನಿಯ ಸ್ವಂತ ಡ್ರೈವರ್‌ಗಳಲ್ಲಿ 580ನೆಯದೇ ಕೊನೆ.

ಹತ್ತು ವರ್ಷದ ಹಿಂದಿನ ಸರಕನ್ನು ಎಷ್ಟು ಕಾಲ ಸಾಕುವುದು ಎಂದು ಕಂಪನಿ ಕೇಳಿದರೆ ಅದು ನ್ಯಾಯವೇ. ಸಾಕುವುದು ಬೇಡ, ಕೀಲಿ ಕೊಟ್ಟು ಹೋಗಲಿ. ಭದ್ರತೆಯ ಕಾರಣಕ್ಕೆ ಸಹಿ ಅನಿವಾರ್ಯವೆಂದರೆ, ಮೂಲ ಸಂಕೇತ ತನ್ನಲ್ಲೇ ಇಟ್ಟುಕೊಂಡು ಸಹಿ ಮಾಡಿದ ಫರ್ಮ್‌ವೇರ್ ಕಡತವನ್ನಷ್ಟೇ ಹಂಚಲು ಬಿಡಲಿ. ಟ್ಯೂರಿಂಗ್ ಕಾರ್ಡ್‌ಗಳಿಗೆ ಮಾಡಿದ್ದೂ ಇದನ್ನೇ. ಕಲಿಯಲು ನಮ್ಮಲ್ಲಿ ಕೊರತೆಯಿಲ್ಲ: ಮುಲುಂಡಿನ ನೆರೆಯ ಪೊವಾಯಿಯಲ್ಲಿರುವ ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಲಿನಕ್ಸ್ ಪಾಠವನ್ನು ಕನ್ನಡದಲ್ಲೂ ಹೇಳಿಕೊಡುತ್ತದೆ. ಆದರೆ ಯಾವ ಪಾಠವೂ ಕಂಪನಿಯ ಸಹಿ ಹಾಕಿಕೊಡಲಾರದು.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕಿ’ಗೆ ಸಮಿತಿ ರಚಿಸಿದ್ದು 2022ರಲ್ಲಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿ, ಅದನ್ನು ಟನ್ನುಗಳಲ್ಲಿ ಅಳೆಯುತ್ತವೆ. ಇವುಗಳಿಗೆ ಒಂದು ಷರತ್ತು ಸೇರಬೇಕು: ಬೆಂಬಲ ನಿಲ್ಲಿಸುವ ದಿನವೇ ಫರ್ಮ್‌ವೇರ್ ಮತ್ತು ತಾಂತ್ರಿಕ ವಿವರ ಸಾರ್ವಜನಿಕವಾಗಲಿ.

ಬಿಸಾಡಿದ್ದನ್ನು ಆಮೇಲೆ ಬಗೆಯುವ ಕಷ್ಟವನ್ನು ಮುಲುಂಡಿಗೆ ಯಾರೂ ವಿವರಿಸಬೇಕಿಲ್ಲ. 2018ರಲ್ಲಿ ಮುಚ್ಚಿದ ಇಲ್ಲಿನ ಡಂಪಿಂಗ್ ಗ್ರೌಂಡಿನ ಸುಮಾರು 70 ಲಕ್ಷ ಟನ್ ಹಳೆಯ ಕಸ ಕರಗಿಸುವ ಗುತ್ತಿಗೆ ವರ್ಷಗಟ್ಟಲೆ ಎಳೆಯಿತು. ಗೇಟಿನಲ್ಲಿ ನಿಂತ ಭಂಗಾರ್‌ವಾಲಾನ ತಕ್ಕಡಿಗೆ ಕಾರ್ಡಿನ ತೂಕವಷ್ಟೇ ಗೊತ್ತು. ಕಾಯಿದೆಯೂ ಅಷ್ಟನ್ನೇ ತಿಳಿದುಕೊಂಡರೆ ಸಾಲದು.