ಮೊಡವೆಯ ಟ್ಯೂಬಿನ ಎರಡು ಹೆಸರು

ಮುಖದ ತುಂಬ ಮೊಡವೆ ಎದ್ದಾಗ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಎಷ್ಟೋ ಮನೆಯವರು ಚರ್ಮದ ಡಾಕ್ಟರನ್ನು ಕಾಣಲು ಶಿವಮೊಗ್ಗಕ್ಕೋ, ಘಾಟಿ ಇಳಿದು ಮಣಿಪಾಲಕ್ಕೋ ಹೋಗುತ್ತಾರೆ. ವಾಪಸು ಬಂದ ಮೇಲೆ ತಿಂಗಳುಗಟ್ಟಲೆ ಟ್ಯೂಬು ಕೊಳ್ಳುವ ಖರ್ಚು ಮಾತ್ರ ಊರಿನ ಮೆಡಿಕಲ್ ಶಾಪಿನಲ್ಲೇ. ಮೊಡವೆಗೆ ಹಚ್ಚುವ ಅಡಾಪಲೀನ್ ಗುಣ ತೋರಿಸಲು ಎಂಟರಿಂದ ಹನ್ನೆರಡು ವಾರ ಬೇಕು. ಒಂದು ಟ್ಯೂಬಿಗೆ ಮುಗಿಯುವ ಮಾತಲ್ಲ ಇದು.

ಹಾಗಾದರೆ ಹೆಸರಾಂತ ಕಂಪನಿಯ ಟ್ಯೂಬಿನ ಬದಲು ಅದೇ ಔಷಧಿಯ ಅಗ್ಗದ ಜೆನೆರಿಕ್ ಸಾಕೇ? ಬಹುಪಾಲು ಸಾಕು. ಅಡಾಪಲೀನ್ 0.1%, ಕ್ಲಿಂಡಮೈಸಿನ್ 1%, ಬೆಂಜಾಯಿಲ್ ಪೆರಾಕ್ಸೈಡ್ 2.5%: ಇವುಗಳ ಪೇಟೆಂಟ್ ಕಾಲ ಎಂದೋ ಮುಗಿದಿದೆ. ದುಬಾರಿ ಹೆಸರಿನ ಟ್ಯೂಬಿನಲ್ಲೂ ಇರುವುದು ಇದೇ ಔಷಧಿ.

ಆದರೆ ಮುಲಾಮು ಮಾತ್ರೆಯಂತಲ್ಲ. ಔಷಧಿ ಎಷ್ಟು ಒಳಗಿಳಿಯುತ್ತದೆ, ಎಷ್ಟು ಉರಿಯುತ್ತದೆ ಎನ್ನುವುದು ಅದನ್ನು ಕಲಸಿದ ಜೆಲ್ ಅಥವಾ ಕ್ರೀಮನ್ನೂ ಅವಲಂಬಿಸಿದೆ. ಮೊಡವೆಗೇ ಹಚ್ಚುವ ಟ್ರೆಟಿನಾಯಿನ್ ಬೆಳಕಿಗೆ ಕೆಡುತ್ತದೆ. ಸೂಕ್ಷ್ಮ ಕಣಗಳೊಳಗೆ ಹುದುಗಿಸಿದ ಜೆಲ್‌ನಲ್ಲಾದರೆ ಹೆಚ್ಚು ತಾಳುತ್ತದೆ, ಉರಿಯೂ ಕಡಿಮೆ. ಹೊಸನಗರ ಕಡೆಯ ಹುಲಿಕಲ್ ಸುತ್ತಿನ ಮಳೆಗಾಲದಲ್ಲಿ ಜಿಡ್ಡು ಕ್ರೀಮು ಹಚ್ಚಿಕೊಂಡಿರುವುದೇ ಕಷ್ಟ. ಉರಿಗೆ ಹೆದರಿ ಹಚ್ಚುವುದನ್ನೇ ಬಿಟ್ಟರೆ ಅಗ್ಗದ ಟ್ಯೂಬೂ ದಂಡವೇ.

ಸರ್ಕಾರ ಎಡವಿರುವುದು ಇಲ್ಲಿಯೇ. ನೀರಿನಲ್ಲಿ ಸುಲಭವಾಗಿ ಕರಗದ ಔಷಧಿಗಳಿಗೆ 2017ರಲ್ಲಿ ಕಡ್ಡಾಯ ಮಾಡಿದ, ಜೆನೆರಿಕ್ ಮೂಲ ಔಷಧಿಗೆ ಸಮನೇ ಎಂದು ನೋಡುವ ಪರೀಕ್ಷೆ ಬಾಯಿಗೆ ಹಾಕಿಕೊಳ್ಳುವ ರೂಪಗಳಿಗೆ ಮಾತ್ರ. ಹಚ್ಚುವ ಜೆನೆರಿಕ್‌ಗಳನ್ನು ಮೂಲ ಮುಲಾಮಿನ ಜೊತೆ ರೋಗಿಗಳ ಮೇಲೆ ಹೋಲಿಸಿ ನೋಡುವ ಪದ್ಧತಿ ಅಮೆರಿಕದಲ್ಲಿದೆ. ಅಂಥದ್ದು ಇಲ್ಲಿಗೂ ಬರಬೇಕು. ಪರೀಕ್ಷೆಯಿಲ್ಲದೆ ಅಗ್ಗದ ಔಷಧಿಯನ್ನು ನಂಬಿ ಎಂದರೆ ಜನ ಯಾಕೆ ನಂಬಬೇಕು?

ಇದಕ್ಕಿಂತ ದೊಡ್ಡ ಅಪಾಯ, ಮೊಡವೆಗೆಂದು ಹಚ್ಚುವ ಸ್ಟೀರಾಯ್ಡ್ ಕ್ರೀಮು. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್ ಮೊದಲ ವಾರ ಮುಖ ತಿಳಿಯಾಗಿಸುತ್ತವೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಇಮ್ಮಡಿಯಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿ, ಚೀಟಿಯಿಲ್ಲದೆ ಕೊಡಬಾರದೆಂದಿತು. ಟ್ಯೂಬಿನ ದೊಡ್ಡ ಹೆಸರನ್ನು ಮಾತ್ರ ನೋಡುವವರಿಗೆ ಒಳಗೆ ಸ್ಟೀರಾಯ್ಡ್ ಇರುವುದು ಗೊತ್ತಾಗುವುದಿಲ್ಲ. ಒಳಗಿನ ಔಷಧಿಯ ಹೆಸರು ಓದಿದರೆ ಅಲ್ಲೇ ತಿಳಿಯುತ್ತದೆ.

ಹಾಗೆ ಓದುವ ರೂಢಿಗೆ ಡಾಕ್ಟರೇ ಮೊದಲಾಗಬೇಕು. ಜೆನೆರಿಕ್ ಹೆಸರೇ ಬರೆಯಬೇಕೆಂಬ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ 2023ರ ಆಗಸ್ಟ್‌ನಲ್ಲಿ ಬಂದು ಅದೇ ತಿಂಗಳು ತಡೆಯಾಯಿತು. ಔಷಧಿಗಳ ಗುಣಮಟ್ಟದ ಬಗ್ಗೆ ವೈದ್ಯರಿಗಿದ್ದ ಆತಂಕವನ್ನು ತಳ್ಳಿಹಾಕುವಂತಿಲ್ಲ. ಆದರೆ ‘ಅಡಾಪಲೀನ್ 0.1% ಜೆಲ್, ರಾತ್ರಿ, ಬಟಾಣಿಯಷ್ಟು’ ಎಂದು ಬರೆದು, ಪಕ್ಕದಲ್ಲಿ ತಮಗೆ ನಂಬಿಕೆಯಿರುವ ಕಂಪನಿಯ ಹೆಸರನ್ನೂ ಸೇರಿಸಲು ಯಾವ ಅಡ್ಡಿಯೂ ಇಲ್ಲ. ಆಗ ತೀರ್ಥಹಳ್ಳಿಯ ಮನೆಯವರು ಎರಡು ಟ್ಯೂಬುಗಳ ಬೆಲೆ ಹೋಲಿಸಿ ಕೊಳ್ಳಬಲ್ಲರು.