ಸೊನ್ನೆಗೂ ಸೊನ್ನೆಗೂ ವ್ಯತ್ಯಾಸ ಉಂಟು

ಸೋಲೇ ಕಾಣದ ಬಾಕ್ಸರ್ ಅಂದ ಕೂಡಲೇ ನಮ್ಮ ಜನಕ್ಕೆ ಮೈ ಜುಮ್ಮೆನ್ನುತ್ತದೆ. 2025ರ ಆಗಸ್ಟ್ 16ರಂದು ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ಇಂಗ್ಲೆಂಡಿನ ಮೋಸೆಸ್ ಇಟೌಮಾ ಎಂಬ 20 ವರ್ಷದ ಹುಡುಗ, ಡಿಲಿಯನ್ ವೈಟ್ ಎಂಬ ಹೆಸರಾಂತ ಹೆವಿವೇಟ್ ಬಾಕ್ಸರನನ್ನು ಮೊದಲನೇ ಸುತ್ತಿನಲ್ಲೇ ಮಲಗಿಸಿದ. ಎರಡು ನಿಮಿಷ ಕೂಡ ಪೂರ್ತಿ ಹಿಡಿಯಲಿಲ್ಲ. ಅಲ್ಲಿಗೆ ಆಡಿದ್ದು 13, ಗೆದ್ದದ್ದು 13, ಅದರಲ್ಲಿ ನಾಕೌಟ್ 11. ಮುಂದಿನ ಟೈಸನ್ ಇವನೇ ಅಂತ ತುತ್ತೂರಿ ಊದಿದ್ದೇ ಊದಿದ್ದು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ಹುಡುಗರ ಫೋನಿನಲ್ಲೂ ಅದೇ ಎರಡು ನಿಮಿಷದ ಚಿತ್ರ.

ಹುಡುಗನ ಕೈ ಚುರುಕು, ಸುಳ್ಳಲ್ಲ. ಆದರೆ ಇನ್ನೊಂದು ಲೆಕ್ಕವನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಅವತ್ತು ವೈಟ್‌ಗೆ 37 ವರ್ಷ. 2015ರಲ್ಲಿ ಜೋಶುವಾ, 2020ರಲ್ಲಿ ಪೊವೆಟ್ಕಿನ್, 2022ರಲ್ಲಿ ಫ್ಯೂರಿ, ಮೂವರೂ ಅವನನ್ನು ಆಗಲೇ ಕೆಡವಿ ಹೋಗಿದ್ದರು. ಇಟೌಮಾ ಅಲ್ಲಿಯವರೆಗೆ ಒಂದು ಪಂದ್ಯದಲ್ಲೂ 6 ಸುತ್ತು ದಾಟಿದವನಲ್ಲ. ಚಾಂಪಿಯನ್ ಪಟ್ಟದ ಪಂದ್ಯವೋ 12 ಸುತ್ತು. ಹಾಗಾದರೆ ಈ ಹದಿಮೂರಕ್ಕೆ ಹದಿಮೂರನ್ನು ಎಷ್ಟು ನಂಬಬೇಕು ಸ್ವಾಮಿ? ಇದನ್ನು ತಿಳಿಯಬೇಕಾದರೆ 40 ವರ್ಷಕ್ಕೂ ಹಿಂದಿನ ಒಂದು ಕಡತವನ್ನು ಧೂಳು ಕೊಡವಿ ತೆಗೆಯಬೇಕು. ಕಡತದ ಮೇಲಿನ ಹೆಸರು ಗೆರಿ ಕೂನಿ, ದೇಶ ಅಮೆರಿಕ.

ಕೂನಿ ಆರೂವರೆ ಅಡಿ ಎತ್ತರದ ಆಳು. ಎಡಗೈ ಗುದ್ದು ಅಂದರೆ ಗುದ್ದು. 1982ರ ಹೊತ್ತಿಗೆ 25 ಪಂದ್ಯ ಆಡಿ 25ನ್ನೂ ಗೆದ್ದಿದ್ದ, 21 ನಾಕೌಟ್. 1981ರ ಮೇ 11ರಂದು ನ್ಯೂಯಾರ್ಕಿನಲ್ಲಿ ಕೆನ್ ನಾರ್ಟನ್‌ನನ್ನು ಕೇವಲ 54 ಸೆಕೆಂಡಿನಲ್ಲಿ ಮುಗಿಸಿಬಿಟ್ಟ. ನಾರ್ಟನ್ ಅಂದರೆ ಯಾರು? 1973ರಲ್ಲಿ ಮಹಮ್ಮದ್ ಅಲಿಯ ದವಡೆ ಮುರಿದು ಗೆದ್ದ ಗಂಡು. ಅಂಥವನನ್ನು ಒಂದು ನಿಮಿಷದೊಳಗೆ ಕೆಡವಿದವನಿಗೆ ಇದಿರೇ ಇಲ್ಲ ಅಂತ ಜನ ತೀರ್ಮಾನ ಮಾಡಿಬಿಟ್ಟರು.

ಆದರೆ ದವಡೆ ಮುರಿದ ನಾರ್ಟನ್ ಬೇರೆ, ಕೂನಿ ಕೆಡವಿದ ನಾರ್ಟನ್ ಬೇರೆ. ಅವನಿಗೂ ಅವತ್ತು 37 ವರ್ಷ. ನೋಡಿ ಕಾಕತಾಳೀಯ, ವೈಟ್‌ನಷ್ಟೇ ವಯಸ್ಸು. 1979ರಲ್ಲಿ ಅರ್ನಿ ಶೇವರ್ಸ್ ಕೂಡ ಅವನನ್ನು ಮೊದಲ ಸುತ್ತಿನಲ್ಲೇ ಮಲಗಿಸಿದ್ದ. ಕೂನಿ ಕೈಯಲ್ಲಿ ಪೆಟ್ಟು ತಿಂದ ಮೇಲೆ ನಾರ್ಟನ್ ಮತ್ತೆ ರಿಂಗು ಹತ್ತಲೇ ಇಲ್ಲ. ಅದಕ್ಕೂ ಮುಂಚೆ, 1980ರ ಅಕ್ಟೋಬರಿನಲ್ಲಿ, ರಾನ್ ಲೈಲ್ ಕೂಡ ಮೊದಲ ಸುತ್ತಿಗೇ ಕೂನಿಗೆ ಉರುಳಿದ. ಅವನಿಗೆ 39. ಹಳೆಯ ಟೈರಿಗೆ ಹೊಸ ಲೇಬಲ್ ಅಂಟಿಸಿ ಮಾರುವುದು ನಮ್ಮ ಊರಿನಲ್ಲಿ ಮಾತ್ರ ನಡೆಯುವ ವ್ಯಾಪಾರವಲ್ಲ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. 1980ರ ಮೇ ತಿಂಗಳಲ್ಲಿ ಜಿಮ್ಮಿ ಯಂಗ್ ಜೊತೆ ನಾಲ್ಕು ಸುತ್ತು ಆಡಿದ್ದು ಬಿಟ್ಟರೆ, ಮುಂದಿನ ಎರಡು ವರ್ಷದಲ್ಲಿ ಕೂನಿ ನಿಜವಾಗಿ ರಿಂಗಿನೊಳಗೆ ಗುದ್ದಾಡಿದ ಕಾಲ ಎಲ್ಲ ಸೇರಿ ಎರಡು ಸುತ್ತು ಕೂಡ ಆಗುವುದಿಲ್ಲ! ಆತನನ್ನು ನೋಡಿಕೊಳ್ಳುತ್ತಿದ್ದ ಮ್ಯಾನೇಜರುಗಳ ಲೆಕ್ಕಾಚಾರ ಹಾಗಿತ್ತು. ಒಂದು ಸೋತರೆ ಬೆಲೆ ಬಿತ್ತು, ಸೋಲದಿದ್ದರೆ ಕೂತಲ್ಲೇ ಬೆಲೆ ಏರುತ್ತದೆ. ಗೋದಾಮಿನಲ್ಲಿ ಮೂಟೆ ಇಟ್ಟು ಧಾರಣೆ ಏರುವುದನ್ನು ಕಾಯುವ ಹಾಗೆ ಮನುಷ್ಯನನ್ನು ಇಟ್ಟರು. ಮೂಟೆಗೆ ಗುದ್ದಾಟ ಕಲಿಯುವ ಕೆಲಸ ಇರುವುದಿಲ್ಲ, ಬಾಕ್ಸರನಿಗೆ ಇರುತ್ತದೆ.

ಇದಿರಿಗೆ ಇದ್ದವನು ಲ್ಯಾರಿ ಹೋಮ್ಸ್. ಅವನೂ ಅಜೇಯನೇ, 39ಕ್ಕೆ 39. ಆದರೆ ಆ ಸೊನ್ನೆಯ ಹಿಂದಿನ ಬೆವರು ನೋಡಿ. 1978ರಲ್ಲಿ ಇನ್ನೂ ಗಟ್ಟಿಯಾಗಿದ್ದ ಇದೇ ನಾರ್ಟನ್ ಜೊತೆ 15 ಸುತ್ತು ಕಾದಾಡಿ, ಕೂದಲೆಳೆಯಲ್ಲಿ ಗೆದ್ದು ಪಟ್ಟ ಪಡೆದವನು. 1979ರಲ್ಲಿ ಶೇವರ್ಸ್ ಹೊಡೆತಕ್ಕೆ 7ನೇ ಸುತ್ತಿನಲ್ಲಿ ನೆಲಕ್ಕೆ ಬಿದ್ದ, ಎದ್ದ, 11ರಲ್ಲಿ ಗೆದ್ದ. 1981ರಲ್ಲಿ ರೆನಾಲ್ಡೊ ಸ್ನೈಪ್ಸ್ ಕೂಡ ಅವನನ್ನು ಕೆಡವಿದ, ಅಲ್ಲೂ ಎದ್ದು ಗೆದ್ದ. ಹಾಗಂತ ಹೋಮ್ಸ್‌ನ ಪಟ್ಟಿಯಲ್ಲೂ ಒಂದು ಜೊಳ್ಳು ಇತ್ತು. 1980ರಲ್ಲಿ 38 ವರ್ಷದ, ದಣಿದ ಅಲಿಯನ್ನು ಸೋಲಿಸಿದ್ದನ್ನು ನಾವಂತೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದೇ ತಕ್ಕಡಿಯಲ್ಲಿ ಇಬ್ಬರನ್ನೂ ತೂಗಬೇಕಲ್ಲ!

ಇಷ್ಟಾದರೂ ಡಂಗುರ ಯಾರ ಹೆಸರಿನಲ್ಲಿ? ಕೂನಿಯ ಹೆಸರಿನಲ್ಲಿ. ಟೈಮ್ ಪತ್ರಿಕೆಯ ಮುಖಪುಟದಲ್ಲಿ ಸಿನಿಮಾ ನಟ ಸ್ಟಲೋನ್ ಪಕ್ಕ ನಿಂತವನು ಕೂನಿ. ಹಣದಲ್ಲಿ ಚಾಂಪಿಯನ್ನನಿಗೂ ಸವಾಲುಗಾರನಿಗೂ ಹೆಚ್ಚೂಕಡಿಮೆ ಸಮಪಾಲು. ರಿಂಗಿನಲ್ಲಿ ಚಾಂಪಿಯನ್ನನ ಹೆಸರನ್ನು ಕೊನೆಗೆ ಕೂಗುವುದು ವಾಡಿಕೆ, ಆ ರಾತ್ರಿ ಅದನ್ನೂ ತಿರುಗಿಸಿದರು. ಕಾರಣ ಗುಟ್ಟೇನಲ್ಲ. ಹೋಮ್ಸ್ ಕರಿಯ, ಕೂನಿ ಬಿಳಿಯ. ರಾಕಿ ಮಾರ್ಸಿಯಾನೊ 1956ರಲ್ಲಿ ನಿವೃತ್ತನಾದ ಮೇಲೆ ಅಮೆರಿಕದ ಬಿಳಿಯನೊಬ್ಬ ಹೆವಿವೇಟ್ ಪಟ್ಟ ಏರಿರಲಿಲ್ಲ. ಟಿಕೆಟ್ ಮಾರುವವರಿಗೆ ಅದಕ್ಕಿಂತ ಸುಲಭದ ಸರಕು ಬೇಕೇ? ನಾಲ್ಕು ವರ್ಷ ಪಟ್ಟ ಉಳಿಸಿಕೊಂಡವನು ತನ್ನ ಮನೆಯ ಮದುವೆಯಲ್ಲೇ ಹೊರಗಿನ ಅತಿಥಿಯಾದ.

1982ರ ಜೂನ್ 11, ಲಾಸ್ ವೇಗಸ್, ಬಯಲಿನಲ್ಲೇ ಕಟ್ಟಿದ ಅಖಾಡ, ಸುಡುವ ಸೆಖೆ. ಎರಡನೇ ಸುತ್ತಿನಲ್ಲೇ ಹೋಮ್ಸ್ ಒಂದು ಬಲಗೈ ಬಿಟ್ಟ, ಕೂನಿ ಕೆಳಗೆ. ಮುಗಿಯಿತು ಅಂದುಕೊಂಡವರು ಬಹಳ ಮಂದಿ. ಇಲ್ಲ, ಎದ್ದ. ಎದ್ದು ಹನ್ನೆರಡು ಸುತ್ತು ನಿಂತ, ಹೊಡೆದ, ಹೊಡೆಸಿಕೊಂಡ. ಸೊಂಟದ ಕೆಳಗೆ ಗುದ್ದಿದ್ದಕ್ಕೆ ಮೂರು ಅಂಕ ಕಳಕೊಂಡ. ಆ ಮೂರು ಅಂಕ ಹೋಗದೆ ಇದ್ದಿದ್ದರೆ, 12 ಸುತ್ತಿನ ನಂತರ ಇಬ್ಬರು ತೀರ್ಪುಗಾರರ ಹಾಳೆಯಲ್ಲಿ ಕೂನಿಯೇ ಒಂದು ಅಂಕ ಮುಂದಿರುತ್ತಿದ್ದ! 13ನೇ ಸುತ್ತಿನಲ್ಲಿ ಕಾಲಿನ ಶಕ್ತಿ ಸೋರಿಹೋಯಿತು. ಹಗ್ಗಕ್ಕೆ ಒರಗಿದವನ ಮೇಲೆ ಏಟು ಬೀಳುವುದನ್ನು ನೋಡಲಾರದೆ ಆತನ ಗುರು ವಿಕ್ಟರ್ ವ್ಯಾಲಿಯೇ ಒಳಗೆ ಬಂದು ನಿಲ್ಲಿಸಿದ. ಪಂದ್ಯ ಮುಗಿದ ಮೇಲೆ ಕೂನಿ ತನ್ನ ಅಭಿಮಾನಿಗಳ ಕ್ಷಮೆ ಕೇಳಿದ. ಕ್ಷಮೆ ಕೇಳಬೇಕಾದವರು ಬೇರೆಯವರು, ಅವರು ಗಂಟು ಕಟ್ಟುವುದರಲ್ಲಿ ನಿರತರಾಗಿದ್ದರು.

ಈಗ ಹೇಳಿ, ಕೂನಿಯ ಹೊಗಳಿಕೆ ಸುಳ್ಳೇ? ಪೂರ್ತಿ ಸುಳ್ಳಲ್ಲ. ಬರೀ ಗಾಳಿ ತುಂಬಿದ ಬಲೂನು ಆಗಿದ್ದರೆ ಎರಡನೇ ಸುತ್ತಿಗೇ ಟಪ್ ಅನ್ನುತ್ತಿತ್ತು. ಆಳಿನಲ್ಲಿ ಸತ್ವ ಇತ್ತು. ಆದರೆ ಆ ಸತ್ವವನ್ನು ಹದ ಮಾಡುವ ಪಂದ್ಯಗಳನ್ನು ಅವನ ಕಡೆಯವರೇ ತಪ್ಪಿಸಿದ್ದರು. ಹತ್ತನೇ ಸುತ್ತಿನಲ್ಲಿ ಉಸಿರು ಹೇಗೆ ಹಿಡಿಯಬೇಕು, ಬಿದ್ದ ಮೇಲೆ ಹೇಗೆ ಕಾಲ ದೂಡಬೇಕು ಎಂಬುದನ್ನೆಲ್ಲ ಆತ ಮೊದಲ ಸಲ ಕಲಿತದ್ದು ಲೋಕವೆಲ್ಲ ನೋಡುತ್ತಿದ್ದಾಗ, ಹೋಮ್ಸ್‌ನಂಥವನ ಎದುರಿಗೆ. ಪಾಪ.

ಬಡಾಯಿ ಕೊಚ್ಚಿದವರೆಲ್ಲ ಸೋತೇ ಸೋಲುತ್ತಾರೆ ಅಂತಲೂ ಅಲ್ಲ. 1964ರ ಫೆಬ್ರವರಿ 25ರಂದು ಮಯಾಮಿಯಲ್ಲಿ ಸನ್ನಿ ಲಿಸ್ಟನ್ ಎದುರು ನಿಂತ ಕ್ಯಾಸಿಯಸ್ ಕ್ಲೇ (ಮುಂದೆ ಅಲಿ ಆದವನು) ಕೂಡ 19ಕ್ಕೆ 19 ಗೆದ್ದಿದ್ದ ಅಜೇಯನೇ. ಹುಡುಗನದು ಬರೀ ಬಾಯಿ ಅಂತ ಬಾಜಿ ಕಟ್ಟುವವರು ಒಂದಕ್ಕೆ ಏಳು ಬರೆದಿದ್ದರು. ಲಿಸ್ಟನ್ ಏಳನೇ ಸುತ್ತಿಗೆ ಸ್ಟೂಲಿನಿಂದ ಏಳಲೇ ಇಲ್ಲ. ಆದರೆ ಕ್ಲೇ ಅಷ್ಟರಲ್ಲಿ ಬಿಸಿ ಮುಟ್ಟಿಸಿಕೊಂಡು ಬಂದಿದ್ದ. 1963ರ ಮಾರ್ಚಿಯಲ್ಲಿ ಡಗ್ ಜೋನ್ಸ್ ಜೊತೆ 10 ಸುತ್ತು ತಿಣುಕಾಡಿ ಗೆದ್ದಾಗ ಜನ ಹೋ ಅಂತ ಕೂಗಿದ್ದರು. ಅದೇ ಜೂನಿನಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೂಪರ್ ಅವನನ್ನು ನೆಲ ಕಚ್ಚಿಸಿದ್ದ, ಮುಂದಿನ ಸುತ್ತಿನಲ್ಲೇ ಕ್ಲೇ ಪಂದ್ಯ ಮುಗಿಸಿದ. ಅವನ ಪಟ್ಟಿಯಲ್ಲಿ ಅಸಹ್ಯವಾಗಿ ಕಂಡ ಗೆಲುವುಗಳೇ ಅವನ ಆಸ್ತಿ ಆಗಿದ್ದವು.

ಕೂನಿ ಆಮೇಲೆ ಎರಡು ವರ್ಷಕ್ಕೂ ಮೇಲ್ಪಟ್ಟು ಪಂದ್ಯ ಆಡಲಿಲ್ಲ. ಕುಡಿತಕ್ಕೆ ಬಿದ್ದ. 1987ರಲ್ಲಿ ಮೈಕಲ್ ಸ್ಪಿಂಕ್ಸ್ ಎದುರು 5ನೇ ಸುತ್ತಿಗೆ, 1990ರಲ್ಲಿ ಜಾರ್ಜ್ ಫೋರ್ಮನ್ ಎದುರು 2ನೇ ಸುತ್ತಿಗೆ ಸೋತ. ಒಟ್ಟು 31 ಪಂದ್ಯ, 28 ಗೆಲುವು. ಒಂದು ಸಮಾಧಾನ ಅಂದರೆ ಕುಡಿತ ಬಿಟ್ಟ, ರಿಂಗು ಬಿಟ್ಟ ಬಾಕ್ಸರರಿಗೆ ಬೇರೆ ಬದುಕು ಹುಡುಕಿಕೊಡುವ ಸಂಸ್ಥೆ ಕಟ್ಟಿದ, ಹೋಮ್ಸ್ ಜೊತೆ ಗೆಳೆತನವನ್ನೂ ಮಾಡಿಕೊಂಡ.

ಆದ್ದರಿಂದ ಇಟೌಮಾನ ಆ 13 ಗೆಲುವಿನ ಮೇಲೆ ತೀರ್ಪು ಕೊಡಿ ಅಂದರೆ ನಾವು ಕೊಡುವುದು ಇಷ್ಟು: ಕೈಗೆ ನೂರಕ್ಕೆ ತೊಂಬತ್ತು, ಕಾಲಿಗೆ ಎಂಬತ್ತು, ಎದೆಗುಂಡಿಗೆಯ ಕಾಲಂ ಖಾಲಿ. ತಪ್ಪು ಹುಡುಗನದಲ್ಲ, ಹೊಡೆದಾಗ ಬೀಳುವವರನ್ನು ತಂದು ನಿಲ್ಲಿಸಿದರೆ ಅವನಾದರೂ ಏನು ಮಾಡಿಯಾನು? ಮೂವತ್ತು ದಾಟದ, ಹಸಿವು ಆರದ, ಎಂಟನೇ ಸುತ್ತಿನಲ್ಲೂ ಹಿಂದೆ ಸರಿಯದ ಎದುರಾಳಿಯನ್ನು ಅವನ ಮುಂದೆ ತಂದು ನಿಲ್ಲಿಸಲಿ. ಒಂದು ಸಲ ಹುಡುಗನ ಮೂಗಿನಲ್ಲಿ ರಕ್ತ ಬರಲಿ, ಆಮೇಲೆ ಏನು ಮಾಡುತ್ತಾನೆ ನೋಡೋಣ. ಟೈಸನ್ ಹೆಸರನ್ನು ಅಲ್ಲಿಯವರೆಗೆ ಪೆಟ್ಟಿಗೆಯಲ್ಲೇ ಇಟ್ಟಿರಿ.